ಖಾಲಿ ಜಾಗಕ್ಕೆ ಬಿದ್ದ ಕ್ಲಿಕ್ಕು

ಮಾವನ ಅಂಗಡಿಯ ವೆಬ್‌ಸೈಟಿನಲ್ಲಿ ಏನೇ ಹುಡುಕಿದರೂ ಸಾಮಾನುಗಳ ಎರಡು ಪಟ್ಟಿ ಬರುತ್ತಿದ್ದವು: ಎಡಕ್ಕೆ ನಾನು ಜೋಡಿಸಿದ್ದು, ಬಲಕ್ಕೆ ಭಾಮೈದ ಜೋಡಿಸಿದ್ದು. ಹೆಚ್ಚು ಕ್ಲಿಕ್ಕಾದದ್ದನ್ನು ಮಾತ್ರ ಉಳಿಸುವುದಾಗಿ ಮಾವ ಹೇಳಿದ್ದರು. ಮೂರು ಲೋಕ ಜಾಲಾಡಿದರೂ ನನ್ನಂಥ ಕೆಲಸಗಾರ ಸಿಗಲಾರ. ಆದರೂ ಜನ ನನ್ನದನ್ನು ನೋಡಿ ಅವನದನ್ನು ಒತ್ತುತ್ತಿದ್ದರು.

ಹೊಟ್ಟೆಯುರಿ ತಾಳದೆ, ಒಂದು ಮಧ್ಯಾಹ್ನ ಅವನ ಪಟ್ಟಿಯನ್ನೇ ಕಿತ್ತುಹಾಕಿ, ಸೈಟನ್ನು ಹೊರಗಿನವರಿಗೆ ಮುಚ್ಚಿದೆ. ಕೋಣೆ ತಣ್ಣಗಾಯಿತು. ಕ್ಲಿಕ್ಕುಗಳ ಲೆಕ್ಕ ತೋರಿಸುವ ಪರದೆಯಲ್ಲಿ ಸಾಲು ಮೂಡಿತು: ‘ಎಡಪಟ್ಟಿ ನೋಡಲಾಗಿದೆ.’ ಟಿಕ್ ಎಂದಿತು ಮೌಸು. ನನ್ನ ಕೈ ತೊಡೆಯ ಮೇಲಿತ್ತು. ‘ಬಲಪಟ್ಟಿ ಕ್ಲಿಕ್ ಆಗಿದೆ.’

“ಮತ್ತೆ ನಂದೇನಾ ಭಾವ?” ಭಾಮೈದ ಹಿಂದಿನಿಂದ ನಕ್ಕ.

“ಬಾಯ್ಮುಚ್ಚೋ! ಅಲ್ಲಿ ನಿಂದು ಏನೂ ಇಲ್ಲ ಕಣೋ.”

ಅವನ ನಗು ನಿಂತಿತು. ಮೌಸಿನ ವೈರನ್ನು ಕಿತ್ತೆ. ಸದ್ದು ನಿಲ್ಲಲಿಲ್ಲ.

ಸಂಜೆ ಮಾವ ನೋಡಿದಾಗ ಬಲಗಡೆಯ ಆ ಖಾಲಿ ಜಾಗಕ್ಕೆ ಕ್ಲಿಕ್ಕುಗಳ ಸುರಿಮಳೆಯಾಗಿತ್ತು. ನನ್ನ ಪಟ್ಟಿಗೆ ಒಂದೂ ಬಿದ್ದಿರಲಿಲ್ಲ.