ದುರ್ಗದ ಮೇಲಿನ ಸೀಲು

ಗೇರೇ ಇಲ್ಲದ ಸೈಕಲ್ಲಿಗೆ ಒಂದು ಸಲ ಸೋತರೆ ಆಕಸ್ಮಿಕ ಎನ್ನಬಹುದು. ಶ್ರೀಕರ ಸತತವಾಗಿ ಮೂರು ವರ್ಷ ಸೋತಿದ್ದ. ಅವನು ಬ್ಯಾಂಕಿನ ಆಫೀಸರು, ತುಮಕೂರಿನ ಸೈಕಲ್ ಸವಾರರ ಸಂಘದ ಸ್ಥಾಪಕ ಕಾರ್ಯದರ್ಶಿ, ಬೆಂಗಳೂರಿನಿಂದ ಹದಿನೆಂಟು ಗೇರಿನ ಸೈಕಲ್ ತರಿಸಿದವನು, ಬಿಗಿ ಚಡ್ಡಿ ತೊಟ್ಟು ಎಂ.ಜಿ. ರಸ್ತೆಯಲ್ಲಿ ಓಡಾಡುವಷ್ಟು ಧೈರ್ಯವಂತ. ಅವನನ್ನು ಸೋಲಿಸುತ್ತಿದ್ದವನು ತೌಹೀದ್. ಗೂಳೂರಿನಿಂದ ಅಂತರಸನಹಳ್ಳಿಯ ವರ್ಕ್‌ಶಾಪಿಗೆ ದಿನಾ ಊಟದ ಕ್ಯಾರಿಯರ್ ನೇತುಹಾಕಿಕೊಂಡು ಹೋಗುವ ಅದೇ ಕರಿ ಸೈಕಲ್ಲಿನಲ್ಲಿ ಅವನು ದೇವರಾಯನದುರ್ಗದ ಬೆಟ್ಟ ಹತ್ತುತ್ತಿದ್ದ. ಪ್ಯಾಂಟಿನ ಕಾಲಿಗೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಅವನ ತಯಾರಿ ಮುಗಿಯಿತು. ಶ್ರೀಕರನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಆ ರಬ್ಬರ್ ಬ್ಯಾಂಡು.

೧೯೯೯ರಲ್ಲಿ ಸಂಘದ ಈ ವಾರ್ಷಿಕ ಸ್ಪರ್ಧೆಗೆ ಜಿಲ್ಲಾ ಮಟ್ಟದ ಮಾನ್ಯತೆ ಸಿಕ್ಕಿತು. ಗೆದ್ದವನಿಗೆ ಸರ್ಟಿಫಿಕೇಟು. ಹೆಸರು ಕೊಡಲು ಬಂದ ತೌಹೀದ್ ಬಾಗಿಲಲ್ಲೇ ನಿಂತ.

"ಸಾರ್, ಚಾಂಪಿಯನ್ ಸರ್ಟಿಫಿಕೇಟ್ ತಂದ್ರೆ ಕೆಲ್ಸ ಕಾಯಂ ಮಾಡ್ತೀನಿ ಅಂದವ್ರೆ ನಮ್ ಓನರು. ಆರು ವರ್ಷದಿಂದ ಟೆಂಪರ್ವರಿ. ಅಮ್ಮಂಗೂ ಹೇಳ್ಬುಟ್ಟಿದೀನಿ."

"ಆಗ್ಲಿ ಕಣಪ್ಪ, ಚೆನ್ನಾಗಿ ತುಳಿ," ಎಂದು ಶ್ರೀಕರ ಬೆನ್ನು ತಟ್ಟಿದ. ಅದೇ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಲು ಮನೆಯ ಹಾಲಿನಲ್ಲಿ ಮೊಳೆ ಹೊಡೆಸಿ ಅವನಿಗಾಗಲೇ ಒಂದು ವಾರವಾಗಿತ್ತು.

ಕಾರ್ಯದರ್ಶಿಯಾಗಿರುವುದರ ಸುಖವೆಂದರೆ ನಿಯಮಗಳನ್ನು ತಾನೇ ಬರೆಯಬಹುದು. ಶ್ರೀಕರ ಬರೆದ. ಎಲ್ಲರೂ ಒಟ್ಟಿಗೆ ಹೊರಟರೆ ಅಪಘಾತವಾದೀತು, ಆದ್ದರಿಂದ ಎರಡೆರಡು ನಿಮಿಷಕ್ಕೆ ಒಬ್ಬೊಬ್ಬರು. ಎಲ್ಲರಿಗಿಂತ ಕೊನೆಗೆ ಕಾರ್ಯದರ್ಶಿ, ಯಾಕೆಂದರೆ ಅವನದು ತ್ಯಾಗಜೀವನ. ಹತ್ತುವುದು ನಾಮದ ಚಿಲುಮೆಯ ಕಡೆಯಿಂದ, ಇಳಿಯುವುದು ಊರ್ಡಿಗೆರೆಯ ಕಡೆಗೆ, ಹಾಗಾಗಿ ಯಾರಿಗೂ ಯಾರೂ ಎದುರಾಗುವುದಿಲ್ಲ. ಬೆಟ್ಟದ ಮೇಲಿನ ಮಂಟಪದಲ್ಲಿ ಸಂಘದ ಸೀಲು, ಇಂಕ್ ಪ್ಯಾಡು ಇಟ್ಟಿರುತ್ತದೆ. ಪ್ರತಿಯೊಬ್ಬರೂ ತಮ್ಮ ಮುಂಗೈಗೆ ತಾವೇ ಒತ್ತಿಕೊಂಡು ಬರಬೇಕು. ಸೀಲಿಲ್ಲದವರಿಗೆ ಫಲಿತಾಂಶವಿಲ್ಲ.

"ಅಲ್ಲೊಬ್ರು ಮನುಷ್ಯರು ಬೇಡ್ವೇನಪ್ಪಾ?" ಎಂದರು ಮಹಾದೇವಯ್ಯ. ಅವರು ರಿಟೈರಾದ ಡ್ರಿಲ್ ಮೇಷ್ಟ್ರು, ಸ್ಪರ್ಧೆಗೆ ಗಡಿಯಾರ ಹಿಡಿಯುವವರು.

"ಕ್ರೀಡಾಪಟುಗಳ್ನ ನಂಬ್ದೆ ಇನ್ಯಾರನ್ನ ನಂಬೋದು ಮೇಷ್ಟ್ರೇ?" ಎಂದ ಶ್ರೀಕರ, ಎದೆಯ ಮೇಲೆ ಕೈಯಿಟ್ಟು. ಸಭೆ ಚಪ್ಪಾಳೆ ತಟ್ಟಿತು.

ಮಂಡಿಪೇಟೆಯಲ್ಲಿ ಸೀಲು ಮಾಡಿಸುವಾಗ ಅವನು ಎರಡು ಮಾಡಿಸಿದ. ಚಿಲುಮೆಗೆ ಮೊದಲೇ ನೀಲಗಿರಿ ತೋಪಿನೊಳಗೆ ಒಂದು ಗಾಡಿದಾರಿ ತಿರುಗುತ್ತಿತ್ತು. ಬೆಟ್ಟ ಹತ್ತುವ ಗೋಜಿಲ್ಲದೆ ಅದರ ಬುಡವನ್ನೇ ಬಳಸಿಕೊಂಡು ಅದು ಊರ್ಡಿಗೆರೆ ರಸ್ತೆಗೆ ಸೇರುತ್ತಿತ್ತು. ಹಿಂದೆ ಬರುವವರಿಲ್ಲ, ಮುಂದಿರುವವನಿಗೆ ಹಿಂದೆ ತಿರುಗಿ ನೋಡಲು ಪುರುಸೊತ್ತಿಲ್ಲ. ಕಳೆದ ವರ್ಷ ತೌಹೀದ್ ತೆಗೆದುಕೊಂಡದ್ದು ಒಂದು ಗಂಟೆ ಇಪ್ಪತ್ತೆರಡು ನಿಮಿಷ. ತಾನು ಒಂದು ಗಂಟೆ ಹದಿನೆಂಟಕ್ಕೆ ಬರುವುದೆಂದು ಶ್ರೀಕರ ತೀರ್ಮಾನಿಸಿದ. ಇನ್ನೂ ಬೇಗ ಬರಬಹುದಿತ್ತು, ಆದರೆ ಅವನು ದುರಾಸೆಯ ಮನುಷ್ಯನಲ್ಲ. ಬೆವರಿನ ಬಗ್ಗೆಯೂ ಯೋಚಿಸಿ ಒಂದು ಬಾಟಲಿ ನೀರು ಹೆಚ್ಚಿಗೆ ಇಟ್ಟುಕೊಂಡ.

ಡಿಸೆಂಬರಿನ ಆ ಭಾನುವಾರ ಬೆಳಗಾಗುತ್ತಲೇ ಸ್ಕೂಟರಿನಲ್ಲಿ ದುರ್ಗಕ್ಕೆ ಹೋಗಿ, ಮಂಟಪದಲ್ಲಿ ಸೀಲು, ಪ್ಯಾಡು ಇದ್ದ ಡಬ್ಬಿ ಇಟ್ಟು ಬಂದ. ಎಂಟು ಗಂಟೆಗೆ ಟೌನ್ ಹಾಲ್ ಮುಂದಿನಿಂದ ಸ್ಪರ್ಧೆ ಶುರುವಾಯಿತು. ಹನ್ನೊಂದು ಜನರನ್ನು ಹರಸಿ ಕಳಿಸಿ, ಕೊನೆಗೆ ತಾನೂ ಹೊರಟ. ತೋಪಿನಲ್ಲಿ ಸೈಕಲ್ ಒರಗಿಸಿ ಪೇಪರ್ ಓದಿದ. ಆಮೇಲೆ ಎರಡನೆಯ ಸೀಲನ್ನು ತೆಗೆದು ಮುಂಗೈಗೆ ಒತ್ತಿಕೊಂಡ. ಬ್ಯಾಂಕಿನಲ್ಲಿ ಹನ್ನೆರಡು ವರ್ಷದ ಅಭ್ಯಾಸ, ಒಂದಕ್ಷರವೂ ಮಸುಕಾಗಲಿಲ್ಲ. ಸೀಲನ್ನು ಪಾಳುಬಾವಿಗೆ ಎಸೆದು ನೀರನ್ನು ಬೆನ್ನಿಗೆ ಸುರಿದುಕೊಂಡ. ತೌಹೀದನ ನೆನಪಾಗಿ ಒಂದು ಗಳಿಗೆ ಪಾಪ ಎನಿಸಿತು. ಸಂಘದ ಲೆಕ್ಕದಲ್ಲಿ ಅವನಿಗೊಂದು ಹೆಲ್ಮೆಟ್ ಕೊಡಿಸೋಣ ಎಂದುಕೊಂಡ ಮೇಲೆ ಮನಸ್ಸು ಹಗುರವಾಗಿ, ಗೇರು ಬದಲಿಸಿ ತುಳಿಯತೊಡಗಿದ.

ಟೌನ್ ಹಾಲ್ ಮುಂದೆ ಅವನು ಬ್ರೇಕ್ ಹಾಕಿದಾಗ ಮಹಾದೇವಯ್ಯ ಗಡಿಯಾರ ನೋಡಿ ಕೂಗಿದ್ದು ಕೇಳಿತು: ಒಂದು ಗಂಟೆ ಹದಿನೆಂಟು. ತೌಹೀದನದು ಒಂದು ಗಂಟೆ ಇಪ್ಪತ್ತು. ಆಗಲೇ ಬಂದಿದ್ದ ಎಂಟು ಜನ ಒಮ್ಮೆಲೇ ಅವನತ್ತ ಓಡಿಬಂದರು. ಅಭಿನಂದಿಸಲು ಇರಬೇಕು ಎಂದುಕೊಂಡ ಶ್ರೀಕರ ಅವರು ಬಾಯಿ ತೆರೆಯುವ ಮೊದಲೇ ಕೈ ಎತ್ತಿದ.

"ಮೊದ್ಲು ನಂದು ನೋಡಿ ಮೇಷ್ಟ್ರೇ. ಕಾರ್ಯದರ್ಶಿ ಆದ್ರೂ ನಿಯಮ ನಿಯಮಾನೇ. ಸೀಲಿಲ್ದೋರಿಗೆ ಫಲಿತಾಂಶ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತೌಹೀದನ ಕಣ್ಣು ಅತ್ತು ಕೆಂಪಾಗಿತ್ತು. ಅವನು ಶ್ರೀಕರನ ಮುಂಗೈಯನ್ನು ನೋಡಿದ, ಮಹಾದೇವಯ್ಯನವರನ್ನು ನೋಡಿದ, ಮತ್ತೆ ಮುಂಗೈಯನ್ನೇ ನೋಡಿದ.

"ಇದು ಎಲ್ಲಿ ಸಿಕ್ತು ಸಾರ್ ನಿಮ್ಗೆ?" ಎಂದ ಮೆಲ್ಲಗೆ. "ನಮ್ಗ್ಯಾರ್ಗೂ ಸೀಲಿಲ್ಲ, ಏನಾದ್ರೂ ಮಾಡಿ ಅಂತ ನಿಮ್ ಕೈಕಾಲು ಹಿಡ್ಕೊಳಾಣ ಅಂತ್ಲೇ ಕಾಯ್ತಾ ಇದ್ವಿ." ಎಂಟು ಜನರೂ ಕೈ ಚಾಚಿ ತೋರಿಸಿದರು, ಎಂಟೂ ಖಾಲಿ. ಮಹಾದೇವಯ್ಯ ಶ್ರೀಕರನ ಕೈ ಹಿಡಿದುಕೊಂಡು ಆ ಸ್ಫುಟವಾದ ಅಕ್ಷರಗಳನ್ನು ಒಂದೊಂದಾಗಿ ಓದಿದರು, ಓದಿ ಮುಗಿದರೂ ಕೈ ಬಿಡಲಿಲ್ಲ. "ಫಸ್ಟು ತೌಹೀದ್, ಬರ್ಕೊಳ್ರಪ್ಪಾ," ಎಂದು ಹಿಂದಿದ್ದವರಿಗೆ ಹೇಳಿ, ಆಮೇಲೆ ಶ್ರೀಕರನ ಕಡೆ ತಿರುಗಿದರು. "ಬೆಟ್ಟದ್ ಮೇಲೆ ದೇವಸ್ಥಾನದ ಮೆಟ್ಟಿಲ ಹತ್ರ ಸೌತೆಕಾಯಿ ಮಾರ್ತಾಳಲ್ಲ ಗಿರಿಯಮ್ಮ, ಅವ್ಳು ಕಣ್ಣಾರೆ ನೋಡಿ ಈ ಹುಡುಗ್ರಿಗೆ ಹೇಳವ್ಳೆ. ನೀನು ಸ್ಕೂಟರ್ ತಿರುಗ್ಸಿದ್ದೇ ತಡ, ಕೋತಿ ಅದ್ನ ಎತ್ಕೊಂಡು ಗೋಪುರ ಹತ್ತದೆ. ಅಲ್ಲಯ್ಯಾ, ದುರ್ಗದಲ್ಲಿ ಸೀಲು ಇಡಕ್ಕೆ ನಿಂಗೆ ಬಿಸ್ಕತ್ ಡಬ್ಬೀನೇ ಬೇಕಾಗಿತ್ತಾ?"