ಕಾಲು ಒತ್ತಿದ ಕೈ

ಡೆಂಗಿ ಜ್ವರದಲ್ಲಿ ನನಗೆ ಕಣ್ಣುಗುಡ್ಡೆಯ ಹಿಂದೆ ಮೊಳೆ ಹೊಡೆದಂಥ ನೋವು. ಮೂಳೆಮೂಳೆಯೂ ಮುರಿದ ಹಾಗೆ. ಮಧ್ಯಾಹ್ನ ಕಣ್ಣು ಮುಚ್ಚಿ ಬಿದ್ದಿದ್ದಾಗ ಯಾರೋ ಮೀನಖಂಡ ಒತ್ತತೊಡಗಿದರು. ಕೈ ತಣ್ಣಗಿತ್ತು. ಹಿಟ್ಟಿನ ವಾಸನೆ ಬಂತು. ಗಿರಣಿ ನಡೆಸುವ ನಮಗೆ ಅದೇನೂ ಹೊಸದಲ್ಲ. ಹೆಂಡತಿಯೆಂದುಕೊಂಡು, “ಇನ್ನೊಂಚೂರು ಗಟ್ಟಿಯಾಗಿ ಒತ್ತೇ” ಎಂದೆ. ಒತ್ತಿತು.

ಆಗಲೇ ಹೆಂಡತಿ ಬೀದಿಬಾಗಿಲು ತೆಗೆದು, ಮಾತ್ರೆ ಹಿಡಿದು ಒಳಗೆ ಬಂದಳು. “ಯಾರ ಹತ್ರ ಮಾತಾಡ್ತಿದೀರಿ?”

ಮೈಯೆಲ್ಲ ಕೆಂಪು ಗಂದೆ ಎದ್ದಿತ್ತು. ಮೀನಖಂಡದ ಮೇಲೆ ಮಾತ್ರ ಬೆರಳ ಗುರುತುಗಳು ಬೆಳ್ಳಗೆ ಮೂಡಿದ್ದವು; ತೋರುಬೆರಳಿನ ಜಾಗ ಖಾಲಿ. ಗಿರಣಿಯ ಬೆಲ್ಟಿಗೆ ತೋರುಬೆರಳು ಕೊಟ್ಟವಳು ನನ್ನಮ್ಮ. ಹೋದ ವರ್ಷ ಇದೇ ಜ್ವರಕ್ಕೆ ಜೀವವನ್ನೂ ಕೊಟ್ಟಳು.

ನಾನು ಚೇತರಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಜ್ವರ ಬಂದು ಮಲಗಿದಳು. ನಿನ್ನೆ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದೆ. ಕೋಣೆಯಿಂದ ಅವಳ ದನಿ ಬಂತು: “ಸಾಕು ಬಿಡ್ರೀ, ಎಷ್ಟು ತಣ್ಣಗಿದೆ ನಿಮ್ಮ ಕೈ!”