ಹ್ಞೂಂ ಅಂದರೆ ಸಾಕು

“‘ಹೆಂಗಸರ ತೊಂದರೆ’ ಅಂತ ಬರೆದ್ರೆ ನರ್ಸ್ ತಗೊಳ್ಳಲ್ಲ, ಅಜ್ಜಿ. ಯಾವ ಕಾಯಿಲೆ ಅಂತ ಕೇಳಿದ್ದಾರೆ.”

ನೈಲಾ ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಿದ್ದಳು. ಅಜ್ಜಿ ನಾಳೆಯ ಚರ್ಚ್ ಊಟಕ್ಕೆಂದು ಸೊಪ್ಪಿನ ದಂಟು ಕಿತ್ತು ಕಿತ್ತು ಎಸೆಯುತ್ತಿದ್ದರು. ದಂಟಿನ ಮೇಲೆ ಏನೋ ಹಳೇ ಸಿಟ್ಟಿದ್ದಂತಿತ್ತು.

“ಹೆಂಗಸರಿಗೆ ತೊಂದರೆ ಒಂದಾ ಎರಡಾ? ಗಂಡಸರೇ ಒಂದು ತೊಂದರೆ. ಅದನ್ನೇ ಬರಿ.”

“ಅಜ್ಜೀ!”

ನೈಲಾಳ ಅಮ್ಮ ಯೋಲಾಂಡಾಗೆ ಮೂವತ್ತೊಂಬತ್ತು ವರ್ಷ. ಹದಿನೈದು ದಿನದ ಹಿಂದೆ ಅವಳ ಎದೆಯ ಗಂಟನ್ನು ಪರೀಕ್ಷಿಸಿ, ಸ್ತನ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ್ದರು. ಗಂಟನ್ನಷ್ಟೇ ತೆಗೆಯುವುದೋ, ಇಡೀ ಸ್ತನವನ್ನೋ, ಮೊದಲು ಔಷಧಿಯೋ ಎಂದು ಸೋಮವಾರ ಅಮ್ಮ ಅವರ ಜೊತೆ ಕೂತು ತೀರ್ಮಾನಿಸಬೇಕು. “ನಮ್ಮ ಕಪ್ಪು ಹೆಂಗಸರಿಗೆ ಇದು ಎಷ್ಟೋ ಸಲ ಚಿಕ್ಕ ವಯಸ್ಸಿಗೇ ಬರುತ್ತೆ. ಮನೇಲಿ ಯಾರಿಗೆಲ್ಲ ಬಂದಿತ್ತು, ಕೇಳ್ಕೊಂಡು ಬನ್ನಿ,” ಎಂದು ನರ್ಸ್ ಫಾರಂ ಕೊಟ್ಟಿದ್ದಳು.

ಅದು ಗೊತ್ತಿದ್ದವರು ಇಡೀ ಮೆಂಫಿಸ್ ಊರಿನಲ್ಲಿ ಅಜ್ಜಿ ಒಬ್ಬರೇ. ಅಮ್ಮ ಎರಡು ಸಲ ಕೇಳಿ, ಎರಡನೇ ಸಲವೂ ಉತ್ತರ ಸಿಗದೆ ದಢಾರನೆ ಬಾಗಿಲು ಹಾಕಿಕೊಂಡು ಕೋಣೆ ಸೇರಿದ್ದಳು. ಮೂರನೇ ಸರದಿ ನೈಲಾಳದು.

“ನಾವು ಆ ಕಾಯಿಲೇನ ನಮ್ಮದು ಅಂತ ಒಪ್ಪಿಕೊಳ್ಳೋ ಜನ ಅಲ್ಲ,” ಅಜ್ಜಿ ಹೇಳಿದರು. “ಹೆಸರೆತ್ತಿದ್ರೆ ಮನೆಗೇ ಬಂದು ಕೂರುತ್ತೆ.”

“ಆಗ್ಲೇ ಬಂದು ಕೂತಿದೆಯಲ್ಲ.”

“ನಾಲಿಗೆ ಉದ್ದ ಆಯ್ತು ನಿಂದು.”

ಅವರ ಚರ್ಚಿನಲ್ಲಿ ಪ್ರಾರ್ಥನೆ ಕೇಳಿಕೊಳ್ಳುವಾಗಲೂ ಯಾರೂ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ದೇವರಿಗೆ ಗೊತ್ತೇ ಇರುತ್ತದೆ. ನರ್ಸಿಗೆ ಗೊತ್ತಿರುವುದಿಲ್ಲ, ಅದೇ ಕಷ್ಟ.

ನೈಲಾ ಪೆನ್ನು ಕಚ್ಚಿದಳು. ಭಾನುವಾರ ಪಾದ್ರಿ ಒಂದು ಮಾತು ಹೇಳಿ ನಿಲ್ಲಿಸಿದರೆ, ಮುಂದಿನ ಸಾಲಿನಿಂದ ಅಜ್ಜಿಯ ‘ಹ್ಞೂಂ’ ಬರುತ್ತಿತ್ತು. ಒಪ್ಪದ ಮಾತಿಗೆ ಬರುತ್ತಿರಲಿಲ್ಲ. ಎಲ್ಲಿ ಬರದೇ ಹೋಗುತ್ತದೋ ಎಂಬ ಭಯ ಪಾದ್ರಿಗೂ ಇತ್ತು.

“ಸರಿ, ನೀನು ಹೆಸರೆತ್ತಬೇಡ. ನಾನು ಹೇಳ್ತೀನಿ. ನಿಜ ಆದ್ರೆ ಚರ್ಚಲ್ಲಿ ಅನ್ನೋ ಹಾಗೆ ಹ್ಞೂಂ ಅನ್ನು, ಸಾಕು.”

ಮನೆಯ ಬೈಬಲಿನ ಮೊದಲ ಪುಟದಲ್ಲಿ ತೀರಿಕೊಂಡವರ ಹೆಸರುಗಳಿದ್ದವು. ನೈಲಾ ಅದನ್ನು ತೆರೆದು ಎದ್ದು ನಿಂತಳು. ಪಾದ್ರಿಯಂತೆ ಕೈ ಎತ್ತಿದಳು.

“ಲೂವೀನಿಯಾ ಮುತ್ತಜ್ಜಿ! ಸ್ತನ ಕ್ಯಾನ್ಸರ್!”

ಅಜ್ಜಿ ಮೂರು ದಂಟು ಕಿತ್ತರು. ನಾಲ್ಕನೆಯದನ್ನು ಹಿಡಿದುಕೊಂಡೇ ಹೇಳಿದರು, “ಹ್ಞೂಂ.”

“ವಯಸ್ಸು?”

“ನಲವತ್ತೊಂದು. ವಯಸ್ಸು ಹೇಳೋಕೆ ನಂಗೇನು ಭಯ!”

“ನಿನ್ನ ತಂಗಿ ಅರ್ಲೀನ್!”

“ಹ್ಞೂಂ. ಮೂವತ್ತೆಂಟು.”

“ಡೆಲೋರಿಸ್ ಅತ್ತೆ!”

“ಅವಳದ್ದು ಸಕ್ಕರೆ ಕಾಯಿಲೆ. ಕೇಕ್ ಬಿಡೇ ಅಂದ್ರೆ ಕೇಳಿದ್ಲಾ?”

ನೈಲಾ ಹೆಸರು ಬರೆದು, ‘ತೀರಿಕೊಂಡರು’ ಎಂಬ ಕಡೆ ಎರಡು ಗುರುತು ಹಾಕಿದಳು. ಬೈಬಲು ಮುಚ್ಚಿದಳು.

“ಒಂದು ಬಿಟ್ಟೆ,” ಅಂದರು ಅಜ್ಜಿ. “ಓಜೆಲ್ಲಾ.”

ಮನೆಯಲ್ಲಿ ಆ ಹೆಸರಿನವರು ಒಬ್ಬರೇ, ಎದುರಿಗೆ ಕೂತಿದ್ದ ಅಜ್ಜಿ. ನೈಲಾ ಈ ಸಲ ಕೈ ಎತ್ತಲಿಲ್ಲ.

“ಓಜೆಲ್ಲಾ ಅಜ್ಜಿ,” ಅವಳು ಮೆಲ್ಲಗೆ ಹೇಳಿದಳು. “ಸ್ತನ ಕ್ಯಾನ್ಸರ್?”

“ಹ್ಞೂಂ. ನಲವತ್ನಾಲ್ಕು. ಕೆಲಸಕ್ಕೆ ಅಂತ ಹೇಳಿ ಬಸ್ಸಲ್ಲಿ ಆಸ್ಪತ್ರೆಗೆ ಹೋಗ್ತಿದ್ದೆ.”

“ಒಬ್ಬಳೇನಾ?”

ಇದನ್ನು ಕೇಳಿದ್ದು ನೈಲಾ ಅಲ್ಲ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. “ನಂಗೆ ಒಂದು ಮಾತು ಹೇಳ್ಲಿಲ್ವಲ್ಲಮ್ಮ!”

“ಹೇಳಿದ್ರೆ ನಿಂಗೂ ಬರುತ್ತೆ ಅಂದ್ಕೊಂಡೆ.” ಅಜ್ಜಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸುತ್ತಲೇ ಇದ್ದರು. “ಹೇಳದಿದ್ರೂ ಬಂತು.”

ಅಮ್ಮ ಬಂದು ಅಜ್ಜಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. “ಸೋಮವಾರ ನೀನೂ ಬರ್ಬೇಕು.”

“ಬರದೆ? ಆ ಡಾಕ್ಟರಿಗೆ ಕೇಳೋಕೆ ನನ್ನ ಹತ್ರಾನೂ ಪ್ರಶ್ನೆ ಇದೆ.”

ನೈಲಾ ಮೂರನೇ ಸಾಲು ಬರೆದಳು. ಅಭ್ಯಾಸದಿಂದ ಪೆನ್ನು ‘ತೀರಿಕೊಂಡರು’ ಕಡೆಗೇ ಹೋಯಿತು. ತಟ್ಟನೆ ನಿಂತಿತು. ಆಚೆ ಬದಿಗೆ, ‘ಇದ್ದಾರೆ’ ಎಂಬಲ್ಲಿಗೆ ಸರಿಯಿತು. ಅಲ್ಲಿ ಈವರೆಗೆ ಒಂದು ಗುರುತೂ ಇರಲಿಲ್ಲ.

ಅವಳು ಒತ್ತಿ ಗುರುತು ಹಾಕಿದಳು. ಆಮೇಲೆ, ಆ ಸಾಲೇ ಮೊದಲು ಕಾಣುವ ಹಾಗೆ ಮೇಲಿನೆರಡು ಸಾಲುಗಳ ಮೇಲೆ ಅಂಗೈ ಇಟ್ಟು, ಫಾರಮನ್ನು ಅಮ್ಮನ ಕಡೆ ತಿರುಗಿಸಿದಳು.